ಗಾಳಿಯಲ್ಲಿ ಹೋದ ನಂಬರು

ಅತ್ತೆಯ ರೇಡಿಯೋ ಮೇಜಿನ ಮುಂದೆ ಕೂತು ಯಾರಾದರೂ "ನಮಸ್ಕಾರ" ಎಂದು ಟೈಪ್ ಮಾಡಿದರೆ ಅವರ ಕಥೆ ಅಲ್ಲಿಗೆ ಮುಗಿದ ಹಾಗೆಯೇ. ಇನ್ನೊಂದು ಸಲ ಆ ಕುರ್ಚಿ ಅವರಿಗೆ ಸಿಗುತ್ತಿರಲಿಲ್ಲ.

"ಒಂದು ನಮಸ್ಕಾರಕ್ಕೆ ಎರಡು ಸೆಕೆಂಡು," ಎಂದು ಅತ್ತೆ ಲೆಕ್ಕ ಒಪ್ಪಿಸುತ್ತಿದ್ದರು. "ಐನೂರು ಜನಕ್ಕೆ ನಮಸ್ಕಾರ ಹಾಕಿದ್ರೆ ಸಾವಿರ ಸೆಕೆಂಡು. ಹತ್ತಿರ ಹತ್ತಿರ ಹದಿನೇಳು ನಿಮಿಷ. ಅಷ್ಟು ಹೊತ್ತಲ್ಲಿ ಇನ್ನೂ ಇಪ್ಪತ್ತೈದು ಜನ ಸಿಗ್ತಿದ್ರು. ಅವರೇನು ಪಾಪ ಮಾಡಿದ್ರು?"

ಈ ತರ್ಕಕ್ಕೆ ಎದುರಾಡಿ ಗೆದ್ದವರನ್ನು ಸೊಸೆ ನೋಡಿಲ್ಲ. ಮದುವೆಯಾಗಿ ಬಂದ ಆರು ವರ್ಷದಲ್ಲಿ ಅವಳೂ ಎದುರಾಡಿಲ್ಲ. ಅವಳು ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಅತ್ತೆ ದಿನಪತ್ರಿಕೆಯೊಂದರ ಟೆಲಿಪ್ರಿಂಟರ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಸುದ್ದಿ ಕುಟ್ಟಿದವರು. ಆ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ ದಿನವೇ ನಿವೃತ್ತರಾದರು, ಮಾರನೇ ದಿನದಿಂದ ಹೆಚ್ಚುಕಡಿಮೆ ಅದೇ ಕೆಲಸವನ್ನು ಹವ್ಯಾಸವೆಂದು ಮನೆಯಲ್ಲಿ ಶುರು ಹಚ್ಚಿಕೊಂಡರು. ಒಟ್ಟಿನಲ್ಲಿ ಮನುಷ್ಯರ ಮುಖ ನೋಡಿ ಕೆಲಸ ಮಾಡುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಆದ್ದರಿಂದಲೋ ಏನೋ ಮನೆ ಸುಸೂತ್ರವಾಗಿ ನಡೆಯುತ್ತಿತ್ತು.

ಹವ್ಯಾಸ ಏನೆಂದರೆ, ಇಲ್ಲಿ ಟೈಪ್ ಮಾಡಿದ ಅಕ್ಷರ ಎರಡು ಸ್ವರದ ಚಿಲಿಪಿಲಿಯಾಗಿ ತಾರಸಿಯ ಮೇಲಿನ ತಂತಿಯಿಂದ ಹೊರಟು ಸಾವಿರಾರು ಮೈಲಿ ಆಚೆ ಯಾರದೋ ಪರದೆಯ ಮೇಲೆ ಮತ್ತೆ ಅಕ್ಷರವಾಗಿ ಬೀಳುತ್ತದೆ. ವರ್ಷಕ್ಕೊಮ್ಮೆ ಇದರದ್ದೊಂದು ದೊಡ್ಡ ಸ್ಪರ್ಧೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರೊಳಗೆ ಯಾರು ಹೆಚ್ಚು ಜನರನ್ನು ಮಾತಾಡಿಸುತ್ತಾರೋ ಅವರು ಗೆದ್ದರು. ಮಾತು ಅಂದರೆ ಮಾತೇನಲ್ಲ, ಬರೀ ನಂಬರು. ಮೊದಲು ಸಿಕ್ಕವರಿಗೆ ಒಂದು, ಎರಡನೆಯವರಿಗೆ ಎರಡು, ಮುನ್ನೂರನೆಯವರಿಗೆ ಮುನ್ನೂರು. ಅವರೂ ತಮ್ಮ ನಂಬರು ಕೊಡುತ್ತಾರೆ. ಇಬ್ಬರೂ ಬರೆದುಕೊಂಡರೆ ಆಯಿತು, ಮುಂದಿನವರು ಬರಬಹುದು. ಕೊನೆಗೆ ಎಲ್ಲರೂ ತಮ್ಮ ಪಟ್ಟಿಯನ್ನು ಸ್ಪರ್ಧೆ ನಡೆಸುವವರಿಗೆ ಕಳಿಸುತ್ತಾರೆ. ಅವರು ಒಬ್ಬರು ಕಳಿಸಿದ ನಂಬರನ್ನೂ ಇನ್ನೊಬ್ಬರು ಬರೆದುಕೊಂಡ ನಂಬರನ್ನೂ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಬರೆದುಕೊಂಡವರ ಅಂಕ ಹೋಯಿತು. ಕಳಿಸಿದವರಿಗೆ ಎಳ್ಳಷ್ಟೂ ನಷ್ಟವಿಲ್ಲ.

ಈ ಆಟದಲ್ಲಿ ಅತ್ತೆಯನ್ನು ಮೀರಿಸಿದವರು ಊರಿನ ಕ್ಲಬ್ಬಿನಲ್ಲಿ ಯಾರೂ ಇರಲಿಲ್ಲ. ಕ್ಲಬ್ಬಿನವರು ಅವರನ್ನು ಬೆನ್ನ ಹಿಂದೆ "ಟಕಟಕಮ್ಮ" ಅನ್ನುತ್ತಿದ್ದರು. ಅತ್ತೆಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಸೊಸೆಗೆ ಪಾಠ ಹೇಳಿಕೊಟ್ಟವರೂ ಅವರೇ. ನಾಲ್ಕು ಜನ ಒಟ್ಟಿಗೆ ಕರೆದು ಪರದೆಯೆಲ್ಲ ಕಲಸುಮೇಲೋಗರವಾದರೆ ಗಾಬರಿ ಬೀಳಬಾರದು. ಎಲ್ಲರಿಗಿಂತ ತಡವಾಗಿ ನಿಲ್ಲಿಸುವವನ ಹೆಸರಿನ ಬಾಲ ಮಾತ್ರ ಸ್ವಚ್ಛವಾಗಿ ಬಂದಿರುತ್ತದೆ, ಅದನ್ನು ಹಿಡಿಯಬೇಕು. ನಂಬರು ಒಂದೇ ಸಲ ಹೇಳಬೇಕು, ಕೇಳಿದರೆ ಮಾತ್ರ ಇನ್ನೊಮ್ಮೆ. ಮಾತಾಡಿಸಿದವನೇ ಮತ್ತೆ ಬಂದರೆ "ಆಗಲೇ ಆಯ್ತಲ್ಲ" ಎಂದು ಜಗಳಕ್ಕೆ ನಿಲ್ಲಬಾರದು, ಸುಮ್ಮನೆ ಇನ್ನೊಂದು ನಂಬರು ಕೊಟ್ಟು ಸಾಗಹಾಕಬೇಕು. "ಜಗಳಕ್ಕಿಂತ ನಂಬರು ಬೇಗ ಮುಗಿಯುತ್ತೆ ಕಣೇ," ಎನ್ನುತ್ತಿದ್ದರು. ಸೊಸೆ ಈ ಕೊನೆಯ ಪಾಠವನ್ನು ಗಂಡನ ಮೇಲೂ ಪ್ರಯೋಗಿಸಿ ಒಳ್ಳೆಯ ಫಲ ಕಂಡಿದ್ದಳು.

ಒಂದೇ ಒಂದು ವಿಷಯದಲ್ಲಿ ಅತ್ತೆಗೂ ಸೊಸೆಗೂ ಸರಿಬರುತ್ತಿರಲಿಲ್ಲ. ಈಗಿನವರೆಲ್ಲ ಹೇಳಬೇಕಾದ್ದನ್ನು ಮೊದಲೇ ಕಂಪ್ಯೂಟರಿಗೆ ತುಂಬಿಟ್ಟಿರುತ್ತಾರೆ. ಒಂದು ಗುಂಡಿ ಒತ್ತಿದರೆ ಕರೆ ಹೋಗುತ್ತದೆ, ಇನ್ನೊಂದು ಒತ್ತಿದರೆ ನಂಬರು ಹೋಗುತ್ತದೆ. ಎಷ್ಟನೇ ನಂಬರೆಂದು ಕಂಪ್ಯೂಟರೇ ಎಣಿಸಿಕೊಂಡಿರುತ್ತದೆ. ಸೊಸೆ ಕಲಿತದ್ದು ಹಾಗೆ. ಅತ್ತೆ ಮಾತ್ರ ಪ್ರತಿಯೊಂದನ್ನೂ ಕೈಯಲ್ಲೇ ಟೈಪ್ ಮಾಡುತ್ತಿದ್ದರು, ಅದೂ ಕೀಲಿಗಳ ಕಡೆ ತಿರುಗಿಯೂ ನೋಡದೆ. ಅವರ ಕಣ್ಣು ಬರುವ ಅಕ್ಷರಗಳ ಮೇಲೇ ಇರುತ್ತಿತ್ತು. ಹೋಗುವ ಅಕ್ಷರಗಳು ಪರದೆಯ ಕೆಳಗಡೆ ಒಂದು ಸಣ್ಣ ಪಟ್ಟಿಯಲ್ಲಿ ಓಡುತ್ತಿದ್ದವು. ಅದನ್ನು ಓದುವುದು ಅವರ ಮಟ್ಟಿಗೆ ಅವಮಾನ.

"ಗುಂಡಿ ಒತ್ತೋದು ಟೈಪಿಂಗ್ ಅಲ್ಲ," ಎಂದು ಅವರು ಮೂಗು ಮುರಿಯುತ್ತಿದ್ದರು. "ಅದು ಬಾಗಿಲ ಬೆಲ್ ಒತ್ತೋದು."

ಈ ವರ್ಷದ ಸ್ಪರ್ಧೆಗೆ ಹತ್ತು ದಿನ ಇರುವಾಗ ಸೊಸೆ ತಲೆನೋವಿನ ಮಾತ್ರೆಗೆಂದು ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಗೆ ಹೋದಳು. ಅಂಗಡಿಯವರು ಕ್ಲಬ್ಬಿನ ಕಾರ್ಯದರ್ಶಿ. ಮಾತ್ರೆ ಕೈಗೆ ಕೊಟ್ಟರೂ ಅವಳನ್ನು ಬಿಡಲಿಲ್ಲ. ಗಿರಾಕಿಗಳು ಹೋಗುವ ತನಕ ಕಾದು, ಗಲ್ಲಾದ ಪಕ್ಕದಿಂದ ಮಡಿಚಿದ ಹಾಳೆಯೊಂದನ್ನು ತೆಗೆದರು.

"ಮೇಡಂ, ಇದನ್ನ ಸ್ವಲ್ಪ ನೋಡಿ."

ಹಾಳೆಯ ತುಂಬ ಬೇರೆ ಬೇರೆ ದೇಶದವರ ಕರೆಹೆಸರುಗಳು. ಪ್ರತಿಯೊಂದರ ಮುಂದೆ ಎರಡು ನಂಬರು. ಹೋದ ವರ್ಷದ ಸ್ಪರ್ಧೆಯಲ್ಲಿ ಅಂಕ ಕಳೆದುಕೊಂಡವರ ಪಟ್ಟಿ ಅದು. ಸ್ಪರ್ಧೆ ನಡೆಸುವವರು ಎಲ್ಲರ ತಪ್ಪುಗಳನ್ನೂ ಒಂದೇ ಕಡೆ ಹಾಕಿರುತ್ತಾರೆ. ತನ್ನದನ್ನು ಬಿಟ್ಟು ಬೇರೆಯವರದನ್ನು ಓದುವ ವ್ಯವಧಾನ ಯಾರಿಗಿದೆ? ಅಂಗಡಿಯವರಿಗೆ ಇತ್ತು. ಮಧ್ಯಾಹ್ನ ಅವರ ಅಂಗಡಿಗೆ ಯಾರೂ ಬರುವುದಿಲ್ಲ.

"ನಲವತ್ತೊಂದು ಜನ," ಎಂದರು ಅವರು. "ನಲವತ್ತೊಂದು ಜನಕ್ಕೂ ಅಂಕ ಹೋಗಿರೋದು ನಿಮ್ಮ ಅತ್ತೆಯವರ ನಂಬರನ್ನ ತಪ್ಪು ಬರ್ಕೊಂಡಿದ್ದಾರೆ ಅಂತ. ಆದ್ರೆ ಇಷ್ಟು ಜನ ತಪ್ಪು ಬರ್ಕೊಳ್ತಾರಾ? ಸ್ವಲ್ಪ ನಂಬರು ನೋಡಿ. ಎಲ್ಲೆಲ್ಲಿ ಏಳು ಇರಬೇಕೋ ಅಲ್ಲೆಲ್ಲ ಎಂಟು. ಅವರು ಬರ್ಕೊಂಡಿದ್ದು ಸರಿ. ಹೋಗಿದ್ದೇ ಹಾಗೆ."

ಸೊಸೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಏಳನ್ನು ಒತ್ತುವುದು ಬಲಗೈಯ ತೋರುಬೆರಳು. ಅತ್ತೆಯ ಆ ಬೆರಳು ಒಂದೂವರೆ ವರ್ಷದಿಂದ ಲೋಟ ಹಿಡಿಯುವಾಗಲೂ ನೆಟ್ಟಗಾಗದ್ದನ್ನು ಅವಳು ನೋಡಿದ್ದಳು. ಅಂಥ ಗಂಟುಗಳ ಚಿತ್ರವನ್ನು ಅವಳು ದಿನಕ್ಕೆ ಹತ್ತು ತೆಗೆಯುತ್ತಾಳೆ. ತೋರುಬೆರಳು ಚಾಚದಿದ್ದಾಗ ನಡುಬೆರಳು ಆ ಕೆಲಸ ಮಾಡಲು ಹೋಗಿ ಒಂದು ಕೀಲಿ ಆಚೆ ಬೀಳುತ್ತಿದೆ. ಅಷ್ಟೇ ವಿಷಯ.

"ಅತ್ತೆಯ ತಪ್ಪಿನ ಪಟ್ಟೀಲಿ ಏನೂ ಇಲ್ಲ," ಎಂದಳು ಸೊಸೆ. "ಒಂದೂ ತಪ್ಪಿಲ್ಲ ಅಂತ ಅದನ್ನ ಗೋಡೆಗೆ ಅಂಟಿಸಿದ್ದಾರೆ."

"ಅದೇ ನೋಡಿ ಕಷ್ಟ. ಅವರಿಗೆ ಗೊತ್ತಾಗೋ ದಾರೀನೇ ಇಲ್ಲ." ಅಂಗಡಿಯವರು ದನಿ ತಗ್ಗಿಸಿದರು. "ಆದ್ರೆ ಅಂಕ ಕಳ್ಕೊಂಡವರಿಗೆ ಗೊತ್ತಲ್ಲ. ಈ ಸಲವೂ ಹೀಗೇ ಆದ್ರೆ ಜನ ಅವರ ಹೆಸರು ಕಂಡ ಕೂಡ್ಲೇ ದಾಟ್ಕೊಂಡು ಹೋಗ್ತಾರೆ. ಯಾರೂ ಕರೆಯಲ್ಲ. ನೀವು ಮನೆಯವರು, ನೀವೇ ಸೂಕ್ಷ್ಮವಾಗಿ ಹೇಳಿ."

"ನೀವು ಹೇಳಬಹುದಲ್ಲ ಸಾರ್?"

"ನಾನಾ?" ಅವರು ಬೆಚ್ಚಿಬಿದ್ದರು. "ನನಗೆ ಮಕ್ಕಳುಮರಿ ಇದ್ದಾರೆ ಮೇಡಂ."

ಎಕ್ಸ್‌ರೇ ತೆಗೆಯುವವರಿಗೆ ಒಂದು ಕಟ್ಟುಪಾಡು ಇರುತ್ತದೆ. ಮೂಳೆ ಮುರಿದದ್ದು ಮೊದಲು ಕಾಣುವುದು ಅವರಿಗೆ, ಆದರೆ ಅವರು ಹೇಳುವ ಹಾಗಿಲ್ಲ. ಏನು ಕಂಡಿತು ಎಂದು ರೋಗಿ ಕೇಳಿದರೆ "ಡಾಕ್ಟರು ಹೇಳ್ತಾರೆ" ಅನ್ನಬೇಕು. ಒಂಬತ್ತು ವರ್ಷ ಹಾಗಂದು ಹಾಗಂದು ಸೊಸೆಗೆ ಕಂಡದ್ದನ್ನು ನುಂಗಿಕೊಳ್ಳುವುದು ರಕ್ತಕ್ಕೇ ಇಳಿದಿತ್ತು. ಆ ಹಾಳೆಯನ್ನು ಚೀಲದ ತಳಕ್ಕೆ ಹಾಕಿಕೊಂಡು ಮನೆಗೆ ಬಂದವಳು ಒಂದು ದಿನವೂ ಬಾಯಿಬಿಡಲಿಲ್ಲ. ಹಾಗೆಂದು ಸುಮ್ಮನೆಯೂ ಕೂರಲಿಲ್ಲ. ಬಳಸು ದಾರಿ ಹುಡುಕಿದಳು.

"ಅತ್ತೆ, ಬೆರಳು ನೋಯುತ್ತಾ?"

"ಅರವತ್ತೆಂಟು ವರ್ಷಕ್ಕೆ ಎಲ್ಲ ನೋಯುತ್ತೆ. ನೋಯದೇ ಇರೋದು ಹಲ್ಲು ಮಾತ್ರ, ಯಾಕಂದ್ರೆ ಅದು ನಂದಲ್ಲ."

ಇನ್ನೊಂದು ದಿನ: "ಅತ್ತೆ, ಈ ಸಲ ಇಬ್ಬರೂ ಗುಂಡಿಯಲ್ಲೇ ಮಾಡೋಣ್ವಾ? ಗಂಟೆಗೆ ನೂರು ದಾಟಬಹುದು."

"ನೀನು ದಾಟು. ನಾನು ಕೈಯಲ್ಲೇ ನಿನ್ನನ್ನ ದಾಟ್ತೀನಿ."

ಮಾತು ಪಂಥಕ್ಕೆ ತಿರುಗಿತು. ಇಬ್ಬರು ಕೂರುವ ವಿಭಾಗದಲ್ಲಿ ಹೆಸರು ಕೊಟ್ಟಿದ್ದರಿಂದ ಸರದಿಯ ಮೇಲೆ ಕೂರಬಹುದಿತ್ತು. ಸೊಸೆ ಎಂಟರಿಂದ ಹತ್ತು, ಅತ್ತೆ ಹತ್ತರಿಂದ ಹನ್ನೆರಡು, ಯಾರ ಗಂಟೆ ದೊಡ್ಡದು ನೋಡೋಣ ಎಂದಾಯಿತು. ಸೊಸೆ ತಲೆಯಾಡಿಸಿದಳು. ಪಂಥದಲ್ಲಿ ತಾನು ಗೆದ್ದರೆ ಅತ್ತೆ ತಾವಾಗಿಯೇ ಗುಂಡಿಗೆ ಬರುತ್ತಾರೆ, ಏಳು ಎಂಟಿನ ಸುದ್ದಿಯೇ ಎತ್ತಬೇಕಾಗಿಲ್ಲ ಎಂಬ ದೂರಾಲೋಚನೆ ಅವಳದು.

ಸ್ಪರ್ಧೆಯ ದಿನ ಬೆಳಿಗ್ಗೆ ಎಂಟಕ್ಕೆ ಸೊಸೆ ಹೆಡ್‌ಫೋನ್ ಏರಿಸಿದಳು. ಕೋಣೆ ಚಿಕ್ಕದು. ಕಿಟಕಿಗೆ ಹಳದಿ ಪರದೆ, ಮೇಜಿನ ಮೇಲೆ ರೇಡಿಯೋ, ಎರಡು ಕಂಪ್ಯೂಟರ್ ಪರದೆಗಳು, ಗೋಡೆಗೆ ಹೋದ ವರ್ಷದ ತಪ್ಪಿಲ್ಲದ ಪಟ್ಟಿ. ಆ ಪಟ್ಟಿಯ ಕಡೆ ಕಣ್ಣು ಹೋಗದ ಹಾಗೆ ಅವಳು ಕುರ್ಚಿಯನ್ನು ಒಂದಿಷ್ಟು ತಿರುಗಿಸಿಕೊಂಡಳು. ಕೆಲಸ ಚೆನ್ನಾಗಿಯೇ ಸಾಗಿತು. ಕರೆ ಒತ್ತು, ಬಾಲ ಹಿಡಿ, ನಂಬರು ಒತ್ತು, ಮುಂದಿನವರು. ಮೊದಲನೇ ಗಂಟೆಗೆ ಎಪ್ಪತ್ತೇಳು, ಎರಡನೆಯದಕ್ಕೆ ಎಂಬತ್ತೆಂಟು. ಅವಳ ಜೀವನದಲ್ಲಿ ಅಷ್ಟು ಯಾವತ್ತೂ ಆಗಿರಲಿಲ್ಲ.

"ಪರವಾಗಿಲ್ಲ," ಎಂದರು ಅತ್ತೆ. ಅವರ ಬಾಯಲ್ಲಿ ಅದು ದೊಡ್ಡ ಮಾತು. "ಈಗ ಎದ್ದೇಳು."

ಅತ್ತೆ ಕೂತರು. ನೂರಾ ಅರವತ್ತಾರನೇ ನಂಬರಿನಿಂದ ಶುರು. ಸೊಸೆ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದಳು. ನೋಡುತ್ತ ನೋಡುತ್ತ ಅವಳ ದೂರಾಲೋಚನೆಯೆಲ್ಲ ಕರಗಿಹೋಯಿತು. ಗುಂಡಿ ಒತ್ತುವವರು ಎದುರಿನವರ ಹೆಸರು ಪೂರ್ತಿ ಬರುವ ತನಕ ಕಾಯಬೇಕು. ಅತ್ತೆ ಮೊದಲ ಮೂರು ಅಕ್ಷರ ಕಂಡ ಕೂಡಲೇ ಅದು ಯಾರೆಂದು ಗುರುತು ಹಿಡಿದು ಅವರ ಹೆಸರನ್ನು ಟೈಪ್ ಮಾಡಲು ಶುರು ಮಾಡಿರುತ್ತಿದ್ದರು. ಎದುರಿನವರು ಉಸಿರು ಬಿಡುವ ಹೊತ್ತಿಗೆ ಇವರ ಉತ್ತರ ಹೊರಟಿರುತ್ತಿತ್ತು. ಕೆಲವರಿಗೆ ಅತ್ತೆ ಅಡ್ಡಹೆಸರು ಇಟ್ಟಿದ್ದರು. ಪ್ರತಿ ಸಲ ಮೊದಲು ಬರುವವನು ಕೋಳಿ, ಬಾಲ ಎಳೆಯುವವನು ರಬ್ಬರು, ಇಪ್ಪತ್ತು ವರ್ಷದಿಂದ ಒಂದು ಸ್ಪರ್ಧೆಯನ್ನೂ ತಪ್ಪಿಸದೆ ಎಲ್ಲೋ ಸಮುದ್ರದ ನಡುವಿನಿಂದ ಕರೆಯುವವನು ದ್ವೀಪದವನು. ಇವರಲ್ಲಿ ಒಬ್ಬರ ಜೊತೆಗೂ ನಂಬರು ಬಿಟ್ಟು ಒಂದು ಮಾತು ಆಡಿದ್ದಿಲ್ಲ. ಆದರೂ ಅವರ ಹೆಸರು ಬಂದಾಗ ಅತ್ತೆಯ ಮುಖ ಅರಳುತ್ತಿತ್ತು.

ಎರಡನೆಯವನಿಗೇ ಅದು ಆಯಿತು. ಹೋಗಬೇಕಾದ್ದು ನೂರಾ ಅರವತ್ತೇಳು. ಕೆಳಗಿನ ಸಣ್ಣ ಪಟ್ಟಿಯಲ್ಲಿ ಓಡಿದ್ದು ನೂರಾ ಅರವತ್ತೆಂಟು. ಮುಂದಿನವನಿಗೂ ನೂರಾ ಅರವತ್ತೆಂಟೇ. ಇಬ್ಬರಿಗೆ ಒಂದೇ ನಂಬರು ಕೊಟ್ಟು ಅತ್ತೆ ನೆಮ್ಮದಿಯಾಗಿ ಇನ್ನೊಬ್ಬನನ್ನು ಕರೆದರು. ಕಂಪ್ಯೂಟರಿನ ಪಟ್ಟಿಯಲ್ಲಿ ಎಲ್ಲ ಕ್ರಮವಾಗಿತ್ತು: ಅರವತ್ತೇಳು, ಅರವತ್ತೆಂಟು, ಅರವತ್ತೊಂಬತ್ತು. ತಪ್ಪಾಗಿದ್ದು ಗಾಳಿಯಲ್ಲಿ ಹೋದದ್ದು ಮಾತ್ರ.

ಸೊಸೆ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಈಗ ಹೇಳಿದರೆ ಈ ಓಟ ನಿಂತುಹೋಗುತ್ತದೆ. ಬಹುಶಃ ಇವತ್ತಿಗಷ್ಟೇ ಅಲ್ಲ, ಯಾವತ್ತಿಗೂ. ಅತ್ತೆ ಎದ್ದು ಹೋಗಿ ಆ ಕೋಣೆಗೆ ಬೀಗ ಹಾಕುವುದನ್ನು ಅವಳು ಕಣ್ಣಾರೆ ಕಂಡವಳ ಹಾಗೆ ಊಹಿಸಿಕೊಂಡಳು. ಅವಳಿಗೆ ಅದು ಬೇಡವಾಗಿತ್ತು. ಅತ್ತೆಯನ್ನು ಅವಳು ಅಷ್ಟು ಪ್ರೀತಿಸುತ್ತಿದ್ದಳು, ಅಷ್ಟೇ ಹೆದರುತ್ತಿದ್ದಳು ಕೂಡ.

ಆಗ ಒಂದು ಉಪಾಯ ಹೊಳೆಯಿತು. ನಿಯಮದ ಪ್ರಕಾರ ಪಟ್ಟಿಯಲ್ಲಿ ಇರಬೇಕಾದ್ದು ನಿಜವಾಗಿ ಹೋದ ನಂಬರು, ಹೋಗಬೇಕಿದ್ದ ನಂಬರಲ್ಲ. ತಾನು ಈಗ ತಪ್ಪುಗಳನ್ನೆಲ್ಲ ಒಂದು ಕಾಗದದ ಮೇಲೆ ಗುರುತು ಹಾಕಿಕೊಂಡರೆ ಸಂಜೆ ಅತ್ತೆ ಮಲಗಿದ್ದಾಗ ಪಟ್ಟಿಯನ್ನು ತಿದ್ದಬಹುದು. ಎದುರಿನವರಿಗೆ ನಷ್ಟವಿಲ್ಲ, ಅತ್ತೆಗೆ ನೋವಿಲ್ಲ. ಅವಳು ಪೆನ್ನು ತೆಗೆದುಕೊಂಡಳು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಳು ಎಂದರೂ ತಪ್ಪಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಅತ್ತೆಯ ಲೆಕ್ಕ ತೊಂಬತ್ತೊಂದಾಗಿತ್ತು. ಸೊಸೆಯ ಎಂಬತ್ತೆಂಟು ಮೂಲೆ ಸೇರಿತು. ಆದರೂ ಅತ್ತೆಗೆ ಸಮಾಧಾನವಿರಲಿಲ್ಲ. ಆಗಾಗ ಯಾರಾದರೊಬ್ಬರು ನಂಬರು ಇನ್ನೊಮ್ಮೆ ಹೇಳಿ ಎಂದು ಕೇಳುತ್ತಿದ್ದರು. ಕೇಳಿದಾಗೆಲ್ಲ ನಾಲ್ಕು ಸೆಕೆಂಡು ದಂಡ.

"ಕಿವುಡರು," ಎಂದು ಅತ್ತೆ ಗೊಣಗಿದರು. "ಇಷ್ಟು ಸ್ಪಷ್ಟವಾಗಿ ಕೊಟ್ಟಿದ್ದೀನಿ. ಬೆಳಗಿಂದ ಎಷ್ಟನೆಯವನು ಇವನು?" ಸಿಟ್ಟಿನಲ್ಲಿ ಕೀಲಿಗಳನ್ನು ಒಂದೊಂದಾಗಿ ಒತ್ತಿ ಒತ್ತಿ ಟೈಪ್ ಮಾಡುತ್ತಿದ್ದುದರಿಂದ ಎರಡನೇ ಸಲದ ನಂಬರು ಸರಿಯಾಗಿ ಹೋಗುತ್ತಿತ್ತು. ಅಂಥದ್ದನ್ನು ಸೊಸೆ ಕಾಗದದ ಮೇಲೆ ಹೊಡೆದುಹಾಕುತ್ತಿದ್ದಳು.

ಹನ್ನೆರಡಕ್ಕೆ ಗಂಡ ಟ್ರೇಯಲ್ಲಿ ಚಹಾ ಹಿಡಿದು ಬಂದ. ಅವನಿಗೆ ಈ ಸ್ಪರ್ಧೆಯ ತಲೆಬುಡ ಗೊತ್ತಿಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನು ಗಟ್ಟಿಯಾಗಿ ಓದುವ ಅಭ್ಯಾಸ ಇದೆ. ಲಿಫ್ಟಿನ ಒಳಗೆ ಬರೆದಿರುವುದನ್ನೆಲ್ಲ ಅವನು ಹಾಗೆಯೇ ಓದುತ್ತಾನಂತೆ.

"ಇದೇನೇ ಇದು?" ಎಂದು ಸೊಸೆಯ ಮೊಣಕಾಲ ಮೇಲಿನ ಕಾಗದವನ್ನು ಎತ್ತಿಕೊಂಡ. "ನೂರಾ ಅರವತ್ತೇಳು, ಅರವತ್ತೆಂಟು ಹೋಯಿತು. ನೂರಾ ಎಪ್ಪತ್ತೆರಡು, ಎಂಬತ್ತೆರಡು ಹೋಯಿತು. ನೂರಾ ಎಪ್ಪತ್ತೈದು, ಎಂಬತ್ತೈದು ಹೋಯಿತು. ಎಲ್ಲಿಗೆ ಹೋದವು ಇವೆಲ್ಲ?"

"ರೀ!" ಎಂದಳು ಸೊಸೆ. ತಡವಾಗಿತ್ತು.

ಅತ್ತೆಯ ಕೈ ಕೀಲಿಗಳ ಮೇಲೆ ನಿಂತುಬಿಟ್ಟಿತು. ಪರದೆಯ ಮೇಲೆ ಯಾರೋ ಕರೆಯುತ್ತಿದ್ದರು. ಅತ್ತೆ ಉತ್ತರ ಕೊಡಲಿಲ್ಲ. ಮಗನ ಕೈಯಿಂದ ಕಾಗದ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು. ಮೂವತ್ತೊಂದು ವರ್ಷ ನಂಬರು, ಹೆಸರು, ಸುದ್ದಿ ಕುಟ್ಟಿದವರಿಗೆ ಅದು ಅರ್ಥವಾಗಲು ಒಂದು ಗಳಿಗೆ ಸಾಕಾಯಿತು.

"ಹತ್ತೊಂಬತ್ತು," ಎಂದರು.

"ಹೂಂ ಅತ್ತೆ."

"ಇವತ್ತೇ ಶುರುವಾಗಿದ್ದಾ?"

ಸೊಸೆ ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯ ತನಕ ಬಂದಿತ್ತು ಕೂಡ. ಆದರೆ ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಎದ್ದು ಹೋಗಿ ಚೀಲದ ತಳದಿಂದ ಅಂಗಡಿಯವರ ಹಾಳೆಯನ್ನು ತಂದುಕೊಟ್ಟಳು. "ಹೋದ ವರ್ಷ ನಲವತ್ತೊಂದು," ಎಂದಳು. ಗಂಡ ಇಬ್ಬರ ಮುಖವನ್ನೂ ನೋಡಿ, ಟ್ರೇ ಇಟ್ಟು, ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಅವನ ಇಡೀ ಜೀವನದ ಅತಿ ಬುದ್ಧಿವಂತಿಕೆಯ ಕೆಲಸ ಅದು.

ಅತ್ತೆ ಹಾಳೆಯನ್ನು ಓದಿದರು. ಕೋಳಿ ಇದ್ದ, ರಬ್ಬರು ಇದ್ದ. "ಅಯ್ಯೋ," ಎಂದರು, "ದ್ವೀಪದವನೂ." ಗೋಡೆಗೆ ಅಂಟಿಸಿದ್ದ ಪಟ್ಟಿಯ ಕಡೆ ಒಮ್ಮೆ ನೋಡಿದರು. ಅವರ ಮುಖ ಸಣ್ಣದಾಯಿತು. ಸೊಸೆ ಹಾಗೆ ಅವರನ್ನು ಯಾವತ್ತೂ ಕಂಡಿರಲಿಲ್ಲ.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಹತ್ತು ದಿನ."

"ಯಾಕೆ ಹೇಳಲಿಲ್ಲ?"

"ನಿಮಗೆ ನೋವಾಗುತ್ತೆ ಅಂತ. ಸಂಜೆ ನಾನೇ ತಿದ್ದಿಬಿಡೋಣ ಅಂತಿದ್ದೆ. ನಮ್ಮ ಕೆಲಸದಲ್ಲೂ ನಾವು ಕಂಡಿದ್ದನ್ನ ಹೇಳಲ್ಲ ಅತ್ತೆ. ಡಾಕ್ಟರೇ ಹೇಳಬೇಕು."

"ನಾನು ರೋಗಿ ಅಲ್ಲ ಕಣೇ," ಎಂದರು ಅತ್ತೆ. ದನಿ ಏರಲಿಲ್ಲ, ಅದೇ ಸೊಸೆಗೆ ಹೆಚ್ಚು ಚುಚ್ಚಿತು. "ಆಪರೇಟರು. ನನ್ನ ಕೈ ತಪ್ಪು ಮಾಡ್ತಿದೆ ಅಂತ ಗೊತ್ತಿದ್ದೂ ನನ್ನನ್ನ ಇಲ್ಲಿ ಕೂರೋಕೆ ಬಿಟ್ಟೆಯಲ್ಲ. ಬೆಳಗಿಂದ ಹತ್ತೊಂಬತ್ತು ಜನ ನನ್ನನ್ನ ನಂಬಿ ಬರ್ಕೊಂಡು ಹೋದ್ರು. ನೀನು ಪಕ್ಕದಲ್ಲೇ ಕೂತು ಎಣಿಸ್ತಿದ್ದೆ."

ಸೊಸೆಗೆ ಅಳು ಬಂತು. ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡಾಗ ಬರುವ ಅಳು ಅದು. ಅದರಲ್ಲಿ ಅರ್ಧ ಸಿಟ್ಟೂ ಇರುತ್ತದೆ. ಆದರೆ ಅವಳು ಎಷ್ಟೇ ಹುಡುಕಿದರೂ ಅತ್ತೆಯ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಕಾಗದದ ಮೇಲೆ ಜಾಣತನ ಅನ್ನಿಸಿದ್ದು ಈಗ ಬರೀ ಹೇಡಿತನದ ಹಾಗೆ ಕಂಡಿತು.

"ಪಟ್ಟಿ ತೆಗೆ," ಎಂದರು ಅತ್ತೆ. "ಸಂಜೆ ಗಿಂಜೆ ಬೇಡ. ಈಗಲೇ. ಹೋದ ಹಾಗೇ ಬರೆ."

"ಈಗ ನಿಲ್ಲಿಸಿದ್ರೆ ಗಾಳಿಯಲ್ಲಿ ನಮ್ಮ ಜಾಗ ಬೇರೆಯವರು ಹಿಡ್ಕೋತಾರೆ."

"ಹಿಡ್ಕೊಳ್ಳಲಿ."

ಸೊಸೆ ತಿದ್ದಿದಳು. ಅತ್ತೆ ಕಾಗದ ನೋಡಿ ಒಂದೊಂದಾಗಿ ಓದಿ ಹೇಳಿದರು, ತಮ್ಮದೇ ತಪ್ಪನ್ನು ಬೇರೆ ಯಾರದೋ ಸುದ್ದಿಯ ಹಾಗೆ, ದನಿ ನಡುಗದೆ. ಅರವತ್ತೇಳು ಇದ್ದಲ್ಲಿ ಅರವತ್ತೆಂಟಾಯಿತು, ಅದರ ಕೆಳಗೆ ಇನ್ನೊಂದು ಅರವತ್ತೆಂಟು. ಕ್ರಮವಾಗಿ ಏಣಿಯ ಹಾಗೆ ಇಳಿದಿದ್ದ ಪಟ್ಟಿ ಅಲ್ಲಲ್ಲಿ ಮೆಟ್ಟಿಲು ತಪ್ಪಿ ಜಿಗಿಯತೊಡಗಿತು. ಇದನ್ನು ಕ್ಲಬ್ಬಿನವರು ನೋಡುತ್ತಾರೆ, ಜಗತ್ತೇ ನೋಡುತ್ತದೆ. ಟಕಟಕಮ್ಮನ ಕೈ ಎಲ್ಲೆಲ್ಲಿ ಎಡವಿತು ಎನ್ನುವುದು ಹೆಸರಿನ ಸಮೇತ ಅಲ್ಲಿತ್ತು. ನಾಲ್ಕು ನಿಮಿಷ ರೇಡಿಯೋ ಸುಮ್ಮನಿತ್ತು. ಹಿಂದೆ ಒಮ್ಮೆ ಕೋಣೆಯ ಪ್ಲಗ್ಗಿನಿಂದ ಹೊಗೆ ಬಂದಾಗಲೂ ಅದು ಇಷ್ಟು ಹೊತ್ತು ಸುಮ್ಮನಿದ್ದಿರಲಿಲ್ಲ.

ಮುಗಿದ ಮೇಲೆ ಸೊಸೆ ಕಾದಳು. ಈಗ ಅತ್ತೆ ಎದ್ದು ಹೋಗುತ್ತಾರೆ ಎಂದುಕೊಂಡಳು. ಅತ್ತೆ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ನಿನ್ನ ಆ ಬಾಗಿಲ ಬೆಲ್ಲು ಯಾವುದು?" ಎಂದರು. "ನಂಬರು ಹೋಗೋದು."

"ಮೇಲಿನ ಸಾಲಲ್ಲಿ ಎರಡನೆಯದು, ಅತ್ತೆ."

"ಸರಿ. ಇನ್ನೊಂದು ಬ್ಯಾಂಡಿಗೆ ಹೋಗೋಣ. ಇಲ್ಲಿ ಯಾರೋ ಕೂತಾಯ್ತು."

ಬೇರೆ ಬ್ಯಾಂಡಿಗೆ, ಅಂದರೆ ಬೇರೆ ತರಂಗಾಂತರಕ್ಕೆ ಹೋದರೆ ಬೆಳಿಗ್ಗೆ ಸಿಕ್ಕವರನ್ನೇ ಇನ್ನೊಮ್ಮೆ ಮಾತಾಡಿಸಬಹುದು, ಅದಕ್ಕೂ ಅಂಕವಿದೆ. ಅತ್ತೆ ಹೆಸರುಗಳನ್ನು ಮೊದಲಿನಂತೆಯೇ ಕೈಯಲ್ಲಿ ಟೈಪ್ ಮಾಡಿದರು, ನಂಬರಿಗೆ ಮಾತ್ರ ಎಡಗೈಯಿಂದ ಗುಂಡಿ ಒತ್ತಿದರು. ಮೊದಲು ಒಂದೆರಡು ಸಲ ತಡವರಿಸಿದರು, ಆಮೇಲೆ ಹದಕ್ಕೆ ಬಂತು. ಸೊಸೆ ಮೂಗು ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ಅಂಗಡಿಯವರ ಹಾಳೆ ಇಬ್ಬರ ನಡುವೆ ಮೇಜಿನ ಮೇಲಿತ್ತು.

ಮುನ್ನೂರಾ ಎಂಬತ್ತನಾಲ್ಕನೆಯವನಾಗಿ ಕರೆದದ್ದು ದ್ವೀಪದವನು.

ಅತ್ತೆ ಅವನ ಹೆಸರು ಟೈಪ್ ಮಾಡಿ ಗುಂಡಿ ಒತ್ತಿದರು. ನಂಬರು ಸರಿಯಾಗಿಯೇ ಹೋಯಿತು, ಸೊಸೆ ಕಣ್ಣಿಟ್ಟು ನೋಡಿದಳು. ಅತ್ತ ಕಡೆಯಿಂದ ಬಂದದ್ದು ಅದೇ ಪ್ರಶ್ನೆ: ನಂಬರು ಇನ್ನೊಮ್ಮೆ?

ಅತ್ತೆ ಗೊಣಗಲಿಲ್ಲ. ಗುಂಡಿ ಇನ್ನೊಮ್ಮೆ ಒತ್ತಿದರು. ಅವನು ಸಿಕ್ಕಿತು ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಹಿಂದೆ ಇನ್ನೂ ಮೂರು ಜನ ಕಾಯುತ್ತಿದ್ದರು. ಆದರೆ ಅತ್ತೆ ಬಲಗೈಯನ್ನು ಮಡಿಲಿಂದ ಎತ್ತಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಸ್ಪರ್ಧೆಯ ನಡುವೆ ಒಂದು ವಾಕ್ಯ ಟೈಪ್ ಮಾಡಿದರು: ಹೋದ ವರ್ಷ ನಿಮ್ಮ ಅಂಕ ಹೋಗಿದ್ದು ನನ್ನ ಕೈ ತಪ್ಪಿನಿಂದ, ನೀವು ಬರೆದುಕೊಂಡಿದ್ದು ಸರಿಯಾಗಿತ್ತು, ಕ್ಷಮಿಸಿ.

ಹದಿನೈದು ಸೆಕೆಂಡು ಹಿಡಿಯಿತು. ಸ್ಪೀಕರಿನಲ್ಲಿ ಬರೀ ಗಾಳಿಯ ಸದ್ದು. ಆಮೇಲೆ ಚಿಲಿಪಿಲಿ ಶುರುವಾಗಿ ಅಕ್ಷರಗಳು ಒಂದೊಂದಾಗಿ ಬಿದ್ದವು.

ಗೊತ್ತಿತ್ತು. ಅದಕ್ಕೇ ನಿಮ್ಮಿಂದ ಎಂಟು ಬಂದಾಗೆಲ್ಲ ಇನ್ನೊಮ್ಮೆ ಕೇಳುತ್ತೇನೆ. ನಾವು ಕೆಲವರು ಹಾಗೇ ಮಾಡುತ್ತೇವೆ. ನಿಮ್ಮನ್ನು ಬಿಟ್ಟು ಸ್ಪರ್ಧೆ ಏನು.

ಅಷ್ಟು ಹೇಳಿ ದ್ವೀಪದವನು ಹೋದ. ಅವನಿಗೂ ಗಡಿಯಾರ ಓಡುತ್ತಿತ್ತಲ್ಲ.

ಅತ್ತೆ ಪರದೆಯನ್ನೇ ನೋಡುತ್ತ ಕೂತರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಬೆಳಗಿಂದ ಇವರನ್ನೆಲ್ಲ ಕಿವುಡರು ಅಂದೆ," ಎಂದರು.

"ಅವರಿಗೆ ಕೇಳಿಸಿರಲ್ಲ ಅತ್ತೆ."

"ನನಗೆ ಕೇಳಿಸ್ತಲ್ಲ." ಅತ್ತೆ ಅವಳ ಕಡೆ ತಿರುಗಿದರು. "ನೋಡು. ಅವನಿಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ಅವನೂ ನನ್ನ ಮೇಲಿನ ಪ್ರೀತಿಗೇ ಮಾಡಿದ್ದು, ನೀನೂ ಪ್ರೀತಿಗೇ ಮಾಡಿದ್ದು. ಆದ್ರೆ ಅವನು ಕೇಳಿದ."

ಸೊಸೆಯ ಮುಖ ಬಿಸಿಯಾಯಿತು. ಅಷ್ಟು ದೂರದಲ್ಲಿ ಕೂತ, ಮುಖ ಕಾಣದ ಒಬ್ಬನಿಗೆ ಸಾಧ್ಯವಾದದ್ದು ಒಂದೇ ಮೇಜಿನ ಪಕ್ಕದಲ್ಲಿ ಕೂತ ತನಗೆ ಆಗಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಕಾಯುತ್ತಿದ್ದ ಮೂವರಲ್ಲಿ ಇಬ್ಬರು ಬೇಸತ್ತು ಹೋಗಿದ್ದರು. ಉಳಿದವನು ಮತ್ತೆ ಕರೆದ. ಅತ್ತೆ ಮೂಗೇರಿಸಿಕೊಂಡು ಅವನನ್ನು ಕಳಿಸಿಕೊಟ್ಟರು. ಮುಂದಿನವನೂ ಬಂದು ಹೋದ. ಆಮೇಲೆ ಬಂದವನು ರಬ್ಬರು. ಮನಸ್ಸು ಇನ್ನೂ ಆ ದ್ವೀಪದಲ್ಲೇ ಇತ್ತೋ ಏನೋ, ಅತ್ತೆಯ ಬಲಗೈ ಹಳೆಯ ಅಭ್ಯಾಸಕ್ಕೆ ತಾನೇ ಮುಂದೆ ಹೋಗಿ ನಂಬರನ್ನೂ ಟೈಪ್ ಮಾಡಿಬಿಟ್ಟಿತು. ಮುನ್ನೂರಾ ಎಂಬತ್ತೇಳು ಹೋಗಬೇಕಿತ್ತು. ಕೆಳಗಿನ ಸಣ್ಣ ಪಟ್ಟಿಯಲ್ಲಿ ಸೊಸೆ ಕಂಡದ್ದು ಬೇರೆ.

ಒಂದು ಗಳಿಗೆ ಅವಳ ಕೈ ಪೆನ್ನಿನ ಕಡೆಗೇ ಹೋಗಿತ್ತು.

"ಅತ್ತೆ, ತಪ್ಪು," ಎಂದಳು, ಪಕ್ಕದ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ. "ಎಂಬತ್ತೇಳಲ್ಲ, ಎಂಬತ್ತೆಂಟು ಹೋಯ್ತು."

ಅತ್ತೆಯ ಕೈ ಗಕ್ಕನೆ ನಿಂತಿತು. ಎಡಗೈ ಗುಂಡಿಯನ್ನು ಒತ್ತಿತು. ಸರಿಯಾದ ನಂಬರು ಹೋಯಿತು, ರಬ್ಬರು ತನ್ನ ಉದ್ದನೆಯ ಬಾಲದ ಸಮೇತ ಸಿಕ್ಕಿತು ಎಂದ. ಒಟ್ಟು ಮೂರು ಸೆಕೆಂಡು.

"ಇಷ್ಟೇ ಕೆಲಸ," ಎಂದರು ಅತ್ತೆ, ಪರದೆಯಿಂದ ಕಣ್ಣು ತೆಗೆಯದೆ. "ಇದಕ್ಕೆ ಹತ್ತು ದಿನ ಬೇಕಾಯ್ತಾ ನಿನಗೆ?"